ರೇಡಿಯೋ ಹಿರಿಯನ ಸರದಿ

ಆ ಕ್ಷೌರಿಕನಿಗೆ ಜನ ಇಟ್ಟ ಹೆಸರು ರೇಡಿಯೋ. ಅಂಗಡಿಯ ಬಾಗಿಲು ತೆರೆದಾಗ ಶುರುವಾದ ಮಾತು ಬಾಗಿಲು ಹಾಕುವವರೆಗೆ ನಿಲ್ಲುತ್ತಿರಲಿಲ್ಲ. ಗಿರಾಕಿಯ ಕುತ್ತಿಗೆಗೆ ಬಿಳಿ ಬಟ್ಟೆ ಸುತ್ತಿದ್ದೇ ತಡ, ಮಗಳ ಪರೀಕ್ಷೆ, ಪಕ್ಕದ ಮನೆಯ ನಾಯಿ, ರಸ್ತೆಯ ಹೊಂಡ ಎಲ್ಲವೂ ಒಂದರ ಹಿಂದೊಂದು ಬರುತ್ತಿದ್ದವು. ಎಂಥ ಮೂಕಬಸವನೂ ಆ ಕುರ್ಚಿಯಲ್ಲಿ ಕೂತರೆ ಮನಸ್ಸಿನಲ್ಲಿದ್ದದ್ದನ್ನು ಹೊರಹಾಕಿಯೇ ಏಳುತ್ತಿದ್ದ. ಹಾಗೆ ಕೇಳಿದ್ದನ್ನು ಮಾತ್ರ ರೇಡಿಯೋ ಇನ್ನೊಬ್ಬರ ಕಿವಿಗೆ ಹಾಕುತ್ತಿರಲಿಲ್ಲ. ಅದು ಅವನ ಕಸುಬಿನ ಮರ್ಯಾದೆ.

ಇಂಥವನನ್ನು ಚರ್ಚಿನ ಸಭೆಯವರು ಹಿರಿಯನನ್ನಾಗಿ ಆರಿಸಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಅದೊಂದು ಪುಟ್ಟ ಪ್ರೆಸ್ಬಿಟೇರಿಯನ್ ಸಭೆ. ಎಲ್ಲರೂ ಬಂದ ದಿನವೂ ಹಿಂದಿನ ಬೆಂಚುಗಳು ಖಾಲಿ. ಅಲ್ಲಿ ಬಿಷಪ್ಪರಿಲ್ಲ. ಪಾದ್ರಿಯ ಜೊತೆ ಸಭೆ ನಡೆಸುವವರು ಜನರೇ ಕೈಯೆತ್ತಿ ಆರಿಸಿದ ಹಿರಿಯರು. ಕಾಯಿಲೆಯವರನ್ನು ನೋಡಿ ಬರುವುದು, ಜಗಳವಾದ ಮನೆಗೆ ಹೋಗಿ ಕೂರುವುದು, ಸಭೆಗೆಲ್ಲ ರೊಟ್ಟಿ, ದ್ರಾಕ್ಷಾರಸ ಹಂಚುವ ಪ್ರಭುಭೋಜನದ ದಿನ ರೊಟ್ಟಿಯ ತಟ್ಟೆ ಹಿಡಿದು ಬೆಂಚಿನಿಂದ ಬೆಂಚಿಗೆ ನಡೆಯುವುದು, ಇವೆಲ್ಲ ರೇಡಿಯೋಗೆ ನೀರು ಕುಡಿದಷ್ಟು ಸುಲಭ. ಕಷ್ಟವಿದ್ದದ್ದು ಒಂದೇ. ಸರದಿ ಬಂದ ಭಾನುವಾರ ಎದ್ದು ನಿಂತು ಸಭೆಯ ಪರವಾಗಿ ಪ್ರಾರ್ಥನೆ ಮಾಡಬೇಕು, ಅದೂ ಪುಸ್ತಕ ನೋಡಿಕೊಂಡಲ್ಲ, ಸ್ವಂತ ಮಾತಿನಲ್ಲಿ.

ಮೊದಲ ಸರದಿಯ ದಿನ ಅವನು ಎದ್ದ, ಎಲ್ಲರಂತೆ ಕಣ್ಣು ಮುಚ್ಚಿದ, “ಪರಲೋಕದಲ್ಲಿರುವ ತಂದೆಯೇ” ಎಂದ. ಅಷ್ಟೇ. ಮುಂದಿನ ಮಾತು ಬರಲೇ ಇಲ್ಲ. ಇಷ್ಟು ವರ್ಷ ಎದುರಿಗೊಬ್ಬರನ್ನು ಕೂರಿಸಿಕೊಂಡೇ ಮಾತಾಡಿದವನು ಅವನು. ಮುಚ್ಚಿದ ಕಣ್ಣಿನ ಕತ್ತಲಲ್ಲಿ ಎದುರಿಗೆ ಯಾರೂ ಇರಲಿಲ್ಲ. ಯಾರೋ ಕೆಮ್ಮಿದರು. ಇನ್ನ್ಯಾರದೋ ಮಗು ಕಿಸಕ್ಕೆಂದಿತು. ಕೊನೆಗೆ “ಆಮೆನ್” ಎಂದು ಕೂತೇಬಿಟ್ಟ.

ಆರಾಧನೆ ಮುಗಿದ ಮೇಲೆ ಹಿಂದಿನ ಕೋಣೆಯಲ್ಲಿ ಚಹಾ ಕುಡಿಯುವಾಗ ಸಭೆಯವನೇ ಆದ ಒಬ್ಬ ಬಸ್ ಡ್ರೈವರ್ ಅವನ ಬೆನ್ನು ತಟ್ಟಿದ. “ಏನ್ ರೇಡಿಯೋ, ಇವತ್ತು ಸ್ಟೇಷನ್ನೇ ಸಿಗ್ಲಿಲ್ವಾ?”

ಎಲ್ಲರೂ ಹೊಟ್ಟೆ ತುಂಬ ನಕ್ಕರು. ಅವನೂ ನಕ್ಕ. ಹೆಂಡತಿ ಮಾತ್ರ ತಲೆ ತಗ್ಗಿಸಿ, ತೊಳೆದ ಕಪ್ಪನ್ನೇ ಮತ್ತೆ ತೊಳೆಯುತ್ತಿದ್ದಳು. ಅದನ್ನು ಕಂಡು ಅವನ ನಗು ಅಲ್ಲೇ ನಿಂತಿತು.

ಎರಡನೆಯ ಸರದಿ ಹತ್ತಿರ ಬಂತು. ಮನೆಯಲ್ಲಿ ಹೆಂಡತಿ ತರಕಾರಿ ಹೆಚ್ಚುತ್ತಾ ಕೂತರೆ ಇವನು ಗೋಡೆಗೆ ಮುಖ ಮಾಡಿ ನಿಂತು, ಕಣ್ಣು ಮುಚ್ಚಿ ಅಭ್ಯಾಸ ಮಾಡಿದ. ತರಕಾರಿ ಮುಗಿಯಿತು, ಪ್ರಾರ್ಥನೆ ಶುರುವಾಗಲಿಲ್ಲ.

“ಪಾದ್ರಿಗೆ ಹೇಳಿಬಿಡ್ತೀನಿ ಕಣೇ, ಈ ಹಿರಿಯನ ಕೆಲಸ ನಂಗೆ ಬೇಡ ಅಂತ.”

“ನಿಮ್ಮನ್ನ ಆರಿಸೋವಾಗ ಎಲ್ಲರಿಗಿಂತ ಮೊದಲು ಕೈ ಎತ್ತಿದ್ದು ನಾನು. ಈಗ ಇಳಿಸು ಅಂತೀರಾ?”

“ಇನ್ನೊಂದ್ಸಲ ಹಾಗಾದ್ರೆ ನಿಂಗೆ ನಾಚಿಕೆ ಆಗಲ್ವಾ?”

“ಆಗುತ್ತೆ,” ಎಂದಳು. ಬಾಯಿಮಾತಿಗೂ ಸುಳ್ಳು ಹೇಳಿ ಗೊತ್ತಿರಲಿಲ್ಲ ಅವಳಿಗೆ. “ಅದಕ್ಕೇ ನಂಗೂ ಭಯ.”

ಶನಿವಾರ ಅಂಗಡಿಯನ್ನು ಬೇಗ ಮುಚ್ಚಿ, ಪಾದ್ರಿಯ ಮನೆಗೆ ಹೋಗುವ ದಾರಿಯಲ್ಲಿ ಬಡಗಿ ತಾತನ ಗಡ್ಡ ಬೋಳಿಸಲು ಹೋದ. ತಾತ ಏಣಿಯಿಂದ ಬಿದ್ದು ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದಿದ್ದ; ಹಿರಿಯರಲ್ಲಿ ಅವನು ಬಿಟ್ಟ ಜಾಗಕ್ಕೇ ರೇಡಿಯೋ ಬಂದದ್ದು. ತಾತನ ಪ್ರಾರ್ಥನೆ ಸಾಮಾನ್ಯದ್ದಲ್ಲ. ಬೈಬಲಿನ ಮೊದಲ ಪುಟದ ಏದೆನ್ ತೋಟದಿಂದ ಹೊರಟು, ಐಗುಪ್ತದಲ್ಲಿ ಸ್ವಲ್ಪ ದಣಿವಾರಿಸಿಕೊಂಡು, ಅದು ಬೇತ್ಲೆಹೇಮಿಗೆ ತಲುಪುವ ಹೊತ್ತಿಗೆ ಮಕ್ಕಳು ನಿದ್ದೆಹೋಗಿರುತ್ತಿದ್ದರು, ಹೆಂಗಸರಿಗೆ ಒಲೆಯ ಮೇಲಿಟ್ಟು ಬಂದ ಪಾತ್ರೆಯ ಚಿಂತೆ ಹತ್ತಿರುತ್ತಿತ್ತು.

ರೇಡಿಯೋ ದಿಂಬು ಎತ್ತರಿಸಿ, ತಾತನ ಕೆನ್ನೆಗೆ ನೊರೆ ಬಳಿದು ಕತ್ತಿ ಹಿಡಿದ.

“ನಾಳೆ ನಿನ್ನ ಸರದಿ ಅಲ್ವೇನೋ?”

“ನನ್ನ ಕೈಲಿ ಆಗಲ್ಲ ತಾತ. ಪಾದ್ರಿಗೆ ಹೇಳೋಕೇ ಹೊರಟಿದೀನಿ.”

“ಅದು ಆಮೇಲೆ. ಇನ್ನೂ ನೀನು ಹಿರಿಯನೇ ತಾನೆ? ನಂಗೊಂದು ಪ್ರಾರ್ಥನೆ ಮಾಡು. ಈ ಸೊಂಟ ಜೀವ ತಿಂತಿದೆ.”

“ಗಡ್ಡ ಮುಗೀಲಿ.”

“ನೋವು ಕಾಯಲ್ಲ ಕಣೋ. ಈಗ್ಲೇ ಮಾಡು.”

“ಕತ್ತಿ ನಿಮ್ಮ ಕುತ್ತಿಗೆ ಮೇಲಿದೆ ತಾತ. ಕಣ್ಣು ಮುಚ್ಚೋದು ಹೇಗೆ?”

“ಮುಚ್ಚಿದ್ರೆ ಎದ್ದು ಒದೀತೀನಿ! ಬಿಟ್ಕೊಂಡೇ ಮಾಡು.” ಮಗ್ಗುಲು ಬದಲಿಸಲೂ ಆಗದವನ ಧಮಕಿ ಇದು.

ರೇಡಿಯೋ ತಾತನ ಗದ್ದ ಮೇಲೆತ್ತಿದ. ಸುಕ್ಕಿನ ಚರ್ಮವನ್ನು ಹೆಬ್ಬೆರಳಿನಿಂದ ಬಿಗಿಹಿಡಿದು ಕತ್ತಿ ಎಳೆಯುತ್ತಾ, “ದೇವರೇ, ನೋಡು,” ಎಂದ. “ಈ ತಾತ ಸುಮ್ನೆ ಕೂತು ಗೊತ್ತಿದ್ದವರಲ್ಲ. ಹಾಸಿಗೆ ಇವರಿಗೆ ಜೈಲಾಗಿದೆ. ನೋವು ಕಮ್ಮಿ ಮಾಡು. ರಾತ್ರಿ ನಿದ್ದೆ ಕೊಡು. ಕೋಪಾನೂ ಒಂಚೂರು ಇಳಿಸು, ಸೊಸೆ ಪಾಪ ಒಳ್ಳೇವಳು. ಮತ್ತೆ ಉಳಿ ಹಿಡಿಯೋ ಹಾಗೆ ಮಾಡಿದ್ರೆ ನಮಗೆಲ್ಲ ಸಂತೋಷ. ಆಮೆನ್.”

ಆಡಿದ ಮೇಲೆಯೇ ಅವನಿಗೆ ಆಡಿದ್ದು ಗೊತ್ತಾದದ್ದು. ಕೈಯೂ ನಿಂತಿರಲಿಲ್ಲ, ಬಾಯಿಯೂ ನಿಂತಿರಲಿಲ್ಲ. ತಾತ ಟವೆಲ್ಲಿನಿಂದ ಮುಖ ಒರೆಸಿಕೊಂಡ. ಕೆನ್ನೆಗಿಂತ ಕಣ್ಣನ್ನೇ ಹೆಚ್ಚು ಹೊತ್ತು ಒರೆಸಿಕೊಂಡ.

“ಇಷ್ಟು ಬೇಗ ಮುಗಿಸ್ಬಿಟ್ಯಲ್ಲೋ! ಐಗುಪ್ತಕ್ಕೆ ಹೋಗ್ಲೇ ಇಲ್ಲ.”

ರೇಡಿಯೋ ಪಾದ್ರಿಯ ಮನೆಗೆ ಹೋಗಲಿಲ್ಲ. ಹಾಗಂತ ಧೈರ್ಯ ಬಂದಿತ್ತೆಂದೂ ಅಲ್ಲ. ಒಬ್ಬರ ಗಡ್ಡದ ಮುಂದೆ ಬಂದ ಮಾತು ಇಡೀ ಸಭೆಯ ಮುಂದೆ ಬರುತ್ತದೆಯೇ? ಹೆಂಡತಿಗೆ ಏನೂ ಹೇಳದೆ ಮಲಗಿದ.

ಭಾನುವಾರ ಕೀರ್ತನೆ ಮುಗಿದು ಪಾದ್ರಿ ಅವನ ಕಡೆ ತಿರುಗಿದರು. ಎದ್ದ. ಹಳೆಯ ಅಭ್ಯಾಸ, ಕಣ್ಣು ತಾನಾಗಿ ಮುಚ್ಚಿಕೊಂಡಿತು. ಅದೇ ಕತ್ತಲು. ಹಾಳಾಗಲಿ ಎಂದು ಕಣ್ಣು ಬಿಟ್ಟ.

ಎದುರಿಗೆಲ್ಲ ಬಾಗಿದ ತಲೆಗಳು. ಅಂಗಡಿಯ ಕುರ್ಚಿಯಲ್ಲಿ ಹೇಗೋ ಹಾಗೆಯೇ, ಅವನಿಗೆಂದೇ ಬಗ್ಗಿಸಿ ಕೊಟ್ಟಂತೆ. ಯಾವ ತಲೆಯ ಸುಳಿ ಎಲ್ಲಿದೆ, ಯಾವುದು ಈ ವರ್ಷವೇ ನೆರೆತದ್ದು, ಏಕೆ ನೆರೆತದ್ದು, ಎಲ್ಲ ಬಲ್ಲ ಅವನು. ಅವರ ಮೇಲೆಲ್ಲ ಅವನಿಗೆ ಅಪಾರ ಅಕ್ಕರೆ ಉಕ್ಕಿತು.

“ದೇವರೇ, ನಾವೆಲ್ಲ ಬಂದಿದೀವಿ,” ಎಂದ. “ದಿನವಿಡೀ ಕೂತು ದುಡಿಯೋರ ಬೆನ್ನುನೋವು ನಿಂಗೆ ಗೊತ್ತು, ಅವರಿಗೆ ಆರಾಮ ಕೊಡು. ಮಕ್ಕಳ ಫೋನಿಗೆ ಕಾಯ್ತಿರೋರಿಗೆ ಇವತ್ತು ಒಂದು ಫೋನು ಬರಲಿ. ಅಣ್ಣತಮ್ಮ ಮಾತು ಬಿಟ್ಟಿರೋ ಕಡೆ ಯಾರಾದ್ರೂ ಒಬ್ಬರು ಮೊದಲು ಬಾಯಿ ಬಿಡಲಿ.” ಯಾರ ಹೆಸರನ್ನೂ ಎತ್ತಲಿಲ್ಲ. ಬಸ್ ಡ್ರೈವರನ ತಲೆ ಇನ್ನಷ್ಟು ಬಾಗಿತು. ಎಲ್ಲಿಂದಲೋ “ಹೌದು ಕರ್ತನೇ” ಎಂದು ಮೆಲ್ಲನೆ ಕೇಳಿತು.

ಆಗ ಬೆಂಚುಗಳ ನಡುವೆ ಬಾಗದ ಒಂದು ತಲೆ ಕಂಡಿತು. ಅವನ ಹೆಂಡತಿ. ಕಣ್ಣು ಅಗಲಿಸಿ, ಕರ್ಚೀಫನ್ನು ಮುಷ್ಟಿಯಲ್ಲಿ ಹಿಂಡಿ, ಅವನು ಎದ್ದಾಗಿನಿಂದ ಅವನನ್ನೇ ನೋಡುತ್ತಿದ್ದಳು. ಇನ್ನೇನು ಎಡವುತ್ತಾನೆ, ಇನ್ನೇನು ಎಡವುತ್ತಾನೆ ಎಂಬ ಆತಂಕ ಮುಖದಲ್ಲೆಲ್ಲ ಇತ್ತು. ಅವನ ಕಣ್ಣು ಅವಳ ಕಣ್ಣಿಗೆ ಸಿಕ್ಕಿತು.

“ನಮಗೋಸ್ಕರ ಹೆದರಿಕೊಂಡು ಕೂತಿರೋರ ಹೆದರಿಕೆ ಬಿಡಿಸು ತಂದೆಯೇ,” ಎಂದ.

ಅವಳ ತುಟಿ ಅದುರಿತು. ಮುಷ್ಟಿ ಸಡಿಲವಾಯಿತು. ಅವನನ್ನು ಇನ್ನೊಂದು ಸಲ ನೋಡಿ, ತಲೆ ಬಾಗಿಸಿ, ಕಣ್ಣು ಮುಚ್ಚಿದಳು.

ಈಗ ಅಷ್ಟು ಜನರಲ್ಲಿ ಕಣ್ಣು ಬಿಟ್ಟಿದ್ದವನು ಅವನೊಬ್ಬನೇ. ರೇಡಿಯೋ ಪ್ರಾರ್ಥನೆ ಮುಂದುವರಿಸಿದ.