ಮುದ್ದೆ ಇಳಿಯದಿದ್ದರೆ ಸೊಸೆಯನ್ನು ಬೈಯಬೇಡಿ

ನಮ್ಮ ಕಡೆ ಮುದ್ದೆಯನ್ನು ಅಗಿಯುವುದಿಲ್ಲ, ನುಂಗುತ್ತೇವೆ. ಅದಕ್ಕೇ ದೇವನೂರಿನ ಚಲುವಮ್ಮನಿಗೆ ಮುದ್ದೆ ಗಂಟಲಲ್ಲಿ ಇಳಿಯದಾದಾಗ ಎಲ್ಲರೂ ಮುದ್ದೆಯ ಮೇಲೇ ತಪ್ಪು ಹೊರಿಸಿದರು. ಸೊಸೆ ರೋಜಾ ಗಟ್ಟಿ ಮಾಡುತ್ತಾಳೆ ಎಂದರು. ಮಿಲ್ಲು ಬದಲಾಯಿಸಿದರು. ಟಿ. ನರಸೀಪುರದ ರೋಜಾಳ ತವರಿನಿಂದ ಬೇರೆ ರಾಗಿಯೂ ಬಂತು. ಪಾಪ, ರೋಜಾ ಸುಮ್ಮಸುಮ್ಮನೆ ಬೈಸಿಕೊಂಡಳು. ಚಲುವಮ್ಮ ಮಾತ್ರ ಸೊರಗುತ್ತಲೇ ಹೋದರು.

ನಂಜನಗೂಡಿನ ಡಾಕ್ಟರು ನೋಡಿ, ಮೈಸೂರಿನಲ್ಲಿ ಎಂಡೋಸ್ಕೋಪಿ ಮಾಡಿಸಿ ಎಂದರು. ಬಾಯಿಯಿಂದ ಸಣ್ಣ ಕ್ಯಾಮೆರಾ ಪೈಪು ಇಳಿಸಿ ಅನ್ನನಾಳವನ್ನು ನೋಡುವ ಪರೀಕ್ಷೆ ಅದು. ಅಷ್ಟರಲ್ಲಿ ಕೊರೋನಾ ಬಂತು, ಲಾಕ್‌ಡೌನ್ ಆಯಿತು, ತಾರೀಖು ಮುಂದಕ್ಕೆ ಹೋಯಿತು. ಲಾಕ್‌ಡೌನ್ ತೆಗೆದ ಮೇಲೆ ಆಸ್ಪತ್ರೆಯವರೇ ಫೋನ್ ಮಾಡಿ ಕರೆದರು. ಗಂಡ ಜವರಯ್ಯ ಕಳಿಸಲು ಒಪ್ಪಲಿಲ್ಲ. ಈ ಊರಿನ ಆಶಾ ಕಾರ್ಯಕರ್ತೆ ನಾನು, ಸುಮ್ಮನಿರಲು ಆಗುತ್ತದೆಯೇ? ಮಾಸ್ಕ್ ಹಾಕಿಕೊಂಡು ಹೋಗಿ ಅವರ ಜಗಲಿಯಲ್ಲಿ ಕೂತೆ.

“ಇನ್ನೊಬ್ರ ಬಾಯೊಳಕ್ಕೆ ಓಗಿದ್ದ ಪೈಪು ಕಣಮ್ಮಿ. ಅದ್ನೇ ಇವ್ಳ ಬಾಯ್ಗೂ ಬುಡ್ತಾರೆ. ಕಾಯ್ಲೆ ವಾಸಿ ಮಾಡಕ್ಕೋಗಿ ಇನ್ನೊಂದು ಕಾಯ್ಲೆ ತರನಾ?” ಎಂದರು ಜವರಯ್ಯ.

“ನಿಮ್ ಭಯ ಸುಳ್ಳಲ್ಲ ಅಣ್ಣ. ಅದ್ಕೇ ಡಾಕ್ಟ್ರತ್ರ ಕೇಳ್ಕಂಡೇ ಬಂದೆ. ಒಬ್ರಿಗೆ ಬಳ್ಸಿದ್ ಪೈಪ್ನ ತೊಳ್ದು, ಔಷ್ದಿಲಿ ನೆನ್ಸಿ, ಕ್ರಿಮಿ ಸಾಯ್ಸೇ ಇನ್ನೊಬ್ರಿಗೆ ಬಳ್ಸೋದು. ಮೊದ್ಲೇ ಕೊರೋನಾ ಟೆಸ್ಟ್ ಮಾಡ್ತಾರೆ. ಒಳಗಿರೋರೆಲ್ಲ ಮೈತುಂಬ ಗೌನು, ಮಾಸ್ಕು ಆಕಿರ್ತಾರೆ. ಅಪಾಯ ಏನೇನೂ ಇಲ್ಲ ಅನ್ನಕಿಲ್ಲ, ಬಲು ಕಮ್ಮಿ.”

“ಕೊರೋನಾ ಓದ್ಮೇಲೆ ನೋಡನ ಬುಡು.”

“ಬರೀ ಹುಳಿತೇಗು, ಗ್ಯಾಸು ಆಗಿದ್ರೆ ಡಾಕ್ಟ್ರೇ ಆಮೇಲೆ ಬನ್ನಿ ಅಂತಿದ್ರು. ಇದು ಕಾಯೋ ಕಾಯ್ಲೆ ಅಲ್ಲ ಕಣಣ್ಣ.”

ಒಳಗಿದ್ದ ಚಲುವಮ್ಮ ಬಂದು ಬಾಗಿಲಿಗೆ ಒರಗಿದರು. “ಈಗ ಗಂಜಿನೂ ನಿಂತ್ಕತದೆ” ಎಂದರು.

“ಯಾವಾಗ್ಲಿಂದ?” ಜವರಯ್ಯ ಎದ್ದು ನಿಂತರು.

“ಯುಗಾದಿಯಿಂದ. ಎದ್ರುಕತೀರಾ ಅಂತ ಏಳ್ನಿಲ್ಲ.”

ಜವರಯ್ಯ ಟವೆಲಿನಿಂದ ಮುಖ ಒರೆಸಿಕೊಂಡು, ಆಟೋದ ನಟರಾಜ್‌ಗೆ ಫೋನ್ ಮಾಡು ಎಂದು ರೋಜಾಗೆ ಹೇಳಿದರು.

ಪರೀಕ್ಷೆ ಆಯಿತು. ಕೊರೋನಾ ಅಂಟಲಿಲ್ಲ. ಅನ್ನನಾಳದಲ್ಲಿ ಗೆಡ್ಡೆ ಸಿಕ್ಕಿತು, ಅದು ಕ್ಯಾನ್ಸರ್. ಬೇರೆ ಕಡೆಗೆ ಹರಡಿಲ್ಲ, ಚಿಕಿತ್ಸೆಗೆ ದಾರಿಯಿದೆ, ಇನ್ನೂ ತಡವಾಗಿದ್ದರೆ ಕಷ್ಟವಿತ್ತು ಎಂದರು ಡಾಕ್ಟರು. ಈಗ ಚಿಕಿತ್ಸೆ ನಡೆಯುತ್ತಿದೆ. ಪ್ರತಿ ಸಲವೂ ಜವರಯ್ಯನೇ ಕರೆದುಕೊಂಡು ಹೋಗುತ್ತಾರೆ.

“ಕೊರೋನಾ ಬರಬಾರ್ದು ಅಂತ ಇವ್ಳ ಬಾಗ್ಲಿಂದಾಚೆ ಕಳಿಸ್ನಿಲ್ಲ ಕಣಮ್ಮಿ. ಕಾಪಾಡ್ತಾ ಇವ್ನಿ ಅನ್ಕಂಡಿದ್ದೆ. ನಾನೇ ಕಳ್ಕಳವ್ನಿದ್ದೆ” ಎಂದರು ಮೊನ್ನೆ.

ಅವರನ್ನು ದೂರಬೇಡಿ, ಪ್ರೀತಿಯಿಂದ ಹೆದರಿದವರು. ಆದರೆ ಅಕ್ಕಂದಿರೇ, ಅಣ್ಣಂದಿರೇ, ಮನೆಯಲ್ಲಿ ಯಾರಿಗಾದರೂ ಊಟ ಇಳಿಯದಿದ್ದರೆ, ರಕ್ತ ವಾಂತಿಯಾದರೆ, ಮಲ ಕಪ್ಪಗೆ ಹೋದರೆ, ಕಾರಣವಿಲ್ಲದೆ ತೂಕ ಇಳಿದರೆ, ಎಂಥ ಸಾಂಕ್ರಾಮಿಕದ ಕಾಲವಾದರೂ ಡಾಕ್ಟರಿಗೆ ತೋರಿಸಿ. ಜ್ವರ, ಕೆಮ್ಮು ಇದ್ದರೆ ಮುಚ್ಚಿಡದೆ ಮೊದಲೇ ಫೋನಿನಲ್ಲಿ ಹೇಳಿ. ಪರೀಕ್ಷೆ ಈಗಲೇ ಬೇಕೋ, ತಡೆಯಬಹುದೋ ಎಂಬುದನ್ನು ಡಾಕ್ಟರು ಹೇಳಲಿ, ಭಯ ಹೇಳುವುದು ಬೇಡ. ಹೇಳಿಕೊಳ್ಳದೆ ಸುಮ್ಮನಿರುವವರು ನಿಮ್ಮ ಮನೆಯಲ್ಲೂ ಇರಬಹುದು. ಇವತ್ತು ಊಟಕ್ಕೆ ಕೂತಾಗ ಕೇಳಿ.