ಹದಿನೇಳನೇ ಮೇಜಿನ ಗುಂಯ್

ನಂಬಿದರೆ ನಂಬಿ, ಬಿಟ್ಟರೆ ಬಿಡಿ, ಇದು ನಡೆದದ್ದೇ: ಹದಿನೇಳನೇ ಮೇಜಿನ ಹೊಚ್ಚಹೊಸ ಕಂಪ್ಯೂಟರು ಬೆಳಗ್ಗೆಯಿಂದ ಗುಂಯ್‌ಗುಡುತ್ತಿತ್ತು. ಮೇಜಿನಡಿ ಮಂಡಿಯೂರಿ ಕೂತ ಸ್ಕ್ರೂ ಸಾಹೇಬರು ಅದರ ಬದಿಯ ತಗಡಿಗೆ ಕಿವಿಯಾನಿಸಿ ಉಸಿರು ಬಿಗಿಹಿಡಿದಿದ್ದರು.

ಕಚೇರಿಯ ಕಂಪ್ಯೂಟರುಗಳ ಉಸ್ತುವಾರಿ ಅವರದು. ಜೇಬಿನಲ್ಲಿ ಪೆನ್ನಿಗೆ ಬದಲು ಸ್ಕ್ರೂಡ್ರೈವರ್ ಇರುತ್ತಿದ್ದುದರಿಂದ ಆ ಹೆಸರು. ಎರಡು ವರ್ಷ ಮೇಲಧಿಕಾರಿಗಳ ಬೆನ್ನುಬಿದ್ದು ನಲವತ್ತು ಹೊಸ ಯಂತ್ರ ತರಿಸಿದ್ದರು. ಎಲ್ಲವೂ ಸರಿಯಿವೆಯೆಂದು ಇಂದು ನಾಲ್ಕು ಗಂಟೆಗೆ ಸಹಿ ಹಾಕಬೇಕು. ಒಂದರಲ್ಲಿ ದೋಷ ಕಂಡರೂ ನಲವತ್ತೂ ವಾಪಸ್ಸು. ಹಳೆಯವೇ ಮತ್ತೆ ಮೇಜೇರುತ್ತವೆ. ಈಗ ಮೂರೂವರೆ.

"ತಲೆಯೊಳಗೆ ಜೇನು ಗೂಡು ಕಟ್ಟಿದ ಹಾಗಾಗಿದೆ ಸಾರ್," ಎಂದ ಪಕ್ಕದ ಮೇಜಿನ ಗುಮಾಸ್ತ. ದೂರು ಕೊಟ್ಟವನು ಅವನೇ.

"ನಿಮಗೆ ತೊಂದರೆ ಆಗ್ತಿಲ್ವಾ ಅಕ್ಕಾ?" ಸಾಹೇಬರು ಮೇಜಿನಡಿಯಿಂದಲೇ ಕೇಳಿದರು.

"ಹಳೇದೂ ಹೀಗೇ ಅಂತಿತ್ತಲ್ಲ ಸಾಹೇಬ್ರೇ, ಹದಿನಾಲ್ಕು ವರ್ಷ," ಎಂದರು ಹದಿನೇಳನೇ ಮೇಜಿನ ದಾಖಲೆ ಅಕ್ಕ. ಕಚೇರಿಯ ಹಳೆಯ ಕಡತಗಳನ್ನೆಲ್ಲ ಟೈಪು ಮಾಡಿ ಕಂಪ್ಯೂಟರಿಗೆ ಸೇರಿಸುವವರು ಅವರು.

ಹಳೆಯ ಯಂತ್ರ ಎತ್ತುವ ಮುನ್ನ ಅದರ ಮುಂದೆ ಕೂತವರ ಕೈಯಿಂದಲೇ ಕೊನೆಯ ಸಲ ಆರಿಸುವುದು ಸಾಹೇಬರ ಪದ್ಧತಿ. ನಿನ್ನೆ ಎಲ್ಲರೂ ಪಟ್ಟನೆ ಒತ್ತಿ ಕೈಕೊಡವಿಕೊಂಡಿದ್ದರು. ಅಕ್ಕ ಮಾತ್ರ, ಒಳಗಿನ ಫ್ಯಾನು ನಿದ್ದೆಗೆ ಜಾರುವ ಮಗುವಿನಂತೆ ಮೆಲ್ಲಗೆ ಸುಮ್ಮನಾಗುವ ತನಕ, ಗುಂಡಿಯಿಂದ ಬೆರಳು ತೆಗೆದಿರಲಿಲ್ಲ.

ಸಾಹೇಬರು ತಗಡು ಬಿಚ್ಚಿದರು. ಫ್ಯಾನಿಗೆ ಬೆರಳು ಅಡ್ಡ ಹಿಡಿದರು. ಫ್ಯಾನು ನಿಂತಿತು, ಗುಂಯ್ ನಿಲ್ಲಲಿಲ್ಲ.

ಕಿಟಕಿಯಿಂದ ಇಳಿದ ಬಿಸಿಲುಕೋಲಿನಲ್ಲಿ ಧೂಳಿನ ಕಣಗಳು ತೇಲುತ್ತಿದ್ದವು. ಸದ್ದೂ ಅವುಗಳ ಜೊತೆಗೇ ತೇಲುವಂತಿತ್ತು: ಏರಿ, ನಡುವೆ ಸಣ್ಣದೊಂದು ಬಿಕ್ಕಳಿಕೆ, ಮತ್ತೆ ಇಳಿತ. ನಿನ್ನೆ ಸುಮ್ಮನಾದ ಯಂತ್ರದ್ದೇ ರಾಗ! ಅದು ಹೋಗುವಾಗ ಇದರ ಕಿವಿಯಲ್ಲಿ ಏನಾದರೂ ಹೇಳಿಹೋಯಿತೇ? ಸಾಹೇಬರ ಕಣ್ಣು ಮುಚ್ಚಿತು. ಮೇಜು ದೋಣಿಯಾಯಿತು, ಕಚೇರಿ ನೀರಾಯಿತು. ನಾಲ್ಕು ಗಂಟೆಯೆಂಬುದು ಎಲ್ಲೋ ದೂರದ ದಡದಲ್ಲಿ ಉಳಿಯಿತು.

"ಸಾರ್, ನಿದ್ದೆನಾ?" ಎಂದ ಗುಮಾಸ್ತ.

ಸಾಹೇಬರು ಬೆಚ್ಚಿ ಕಣ್ಣುಬಿಟ್ಟರು. "ಮಾಡಿದ್ದನ್ನ ಉಳಿಸ್ಕೊಳ್ಳಿ ಅಕ್ಕಾ. ಕರೆಂಟ್ ತೆಗೀತೀನಿ."

"ಉಳಿಸ್ಕೊಂಡೆ, ತೆಗೀರಿ."

ಪ್ಲಗ್ ಕಿತ್ತರು. ಮೇಲೆ ಪರದೆ ಕಪ್ಪಾಯಿತು. ಎರಡು ಕ್ಷಣ ಮೌನ. ಆಮೇಲೆ ನಿರಾತಂಕವಾಗಿ, ಗುಂಯ್…

ಗುಮಾಸ್ತ ಕುರ್ಚಿಯನ್ನು ಹಿಂದಕ್ಕೆ ಸರಿಸಿಕೊಂಡ. ಸಾಹೇಬರು ಕಿತ್ತ ಪ್ಲಗ್ಗನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಮೇಜಿನಂಚಿನಿಂದ ಕತ್ತು ಮೇಲೆತ್ತಿದರು.

ಅಕ್ಕನ ತುಟಿ ಮುಚ್ಚಿತ್ತು, ಮುಖ ಗಂಭೀರವಾಗಿತ್ತು. ಗಂಟಲು ಮಾತ್ರ ಅದುರುತ್ತಿತ್ತು. ಬಿಕ್ಕಳಿಕೆಯನ್ನೂ ಬಿಟ್ಟಿರಲಿಲ್ಲ.

"ಅಕ್ಕಾ!"

"ಮೊದಲು ನನಗೇ ಗೊತ್ತಿರಲಿಲ್ಲ ಕಣ್ರೀ," ಎಂದರು ಅಕ್ಕ. "ಈ ಹೊಸದು ಮಾತೇ ಆಡಲ್ಲ. ಬೆಳಗ್ಗೆ ನಾಲ್ಕು ಸಾಲಿಗೆ ಆರು ತಪ್ಪು. ಕೈ ಓಡಲೇ ಇಲ್ಲ. ಗುನುಗಿಕೊಂಡೆ ನೋಡಿ, ಓಡಿತು. ಆಮೇಲೆ ನೀವು ಸ್ಕ್ರೂ ಬಿಚ್ಚೋಕೆ ಕೂತ್ರಲ್ಲ, ನಿಲ್ಲಿಸೋಕೆ ಮನಸ್ಸೇ ಬರಲಿಲ್ಲ!"

ಮೊದಲು ಗುಮಾಸ್ತ ಕಿಸಕ್ಕೆಂದ. ಆಮೇಲೆ ಅಕ್ಕ. ನಗಬಾರದೆಂದು ಸಾಹೇಬರು ಮೇಜಿನಡಿ ತಲೆ ಅಡಗಿಸಿದರು. ತಲೆ ಮೇಜಿಗೆ ಢಣ್ಣೆಂದು ಬಡಿಯಿತು. ಅಲ್ಲಿಗೆ ಕಟ್ಟೆ ಒಡೆಯಿತು. ನಗುತ್ತಲೇ ಅಕ್ಕನ ಪೆನ್ನು ಇಸಿದುಕೊಂಡು ಒಪ್ಪಿಗೆಯ ಕಾಗದದಲ್ಲಿ ಬರೆದರು: 'ಸದ್ದು: ಇದೆ. ದೋಷ: ಇಲ್ಲ.' ಕೆಳಗೆ ಅಲುಗಾಡುವ ಸಹಿ.

ಹೊರಗಿನ ಕಾರಿಡಾರಿನಲ್ಲಿ ಹಳೆಯ ಯಂತ್ರಗಳು ತಳ್ಳುಗಾಡಿಯ ಮೇಲೆ ಸಾಲಾಗಿ ಕೂತಿದ್ದವು. ಒಳಗಿನಿಂದ ಸಾಹೇಬರ ನಗೆಯೇ ಎಲ್ಲರಿಗಿಂತ ಜೋರಾಗಿ ಕೇಳುತ್ತಿತ್ತು. ಕಿಟಕಿಯಿಂದ ಬಂದ ಗಾಳಿಗೆ ಗಾಡಿಯ ಮೇಲಿನ ಹಳೆಯ ಹದಿನೇಳನೆಯದರ ಫ್ಯಾನು, ಧೂಳು ಉದುರಿಸುತ್ತಾ, ಮೆಲ್ಲಗೆ ಒಂದು ಸುತ್ತು ತಿರುಗಿತು.