ಹಿತ್ತಲ ಹುಲ್ಲಿನಲ್ಲಿ ಎರಡು ಬೋಳು

ಉಗಿದ ಸೂರ್ಯಕಾಂತಿ ಬೀಜದ ಸಿಪ್ಪೆಯೊಂದನ್ನು ಇರುವೆ ಎಳೆದುಕೊಂಡು ಹೋಗುತ್ತಿದೆ, ಬೆಂಚಿನ ಕೆಳಗೆ, ತನಗಿಂತ ದೊಡ್ಡ ಸಿಪ್ಪೆ, ಎಳೆಯುತ್ತೆ, ನಿಲ್ಲುತ್ತೆ, ಮತ್ತೆ ಎಳೆಯುತ್ತೆ, ಲವಾನ್ ಕಾಲನ್ನು ಒಂದು ಚೂರು ಆಚೆ ಸರಿಸಿ ದಾರಿ ಬಿಟ್ಟಳು, ಹೋಗು ತಾಯಿ ಹೋಗು, ಸಿಪ್ಪೆ ಉಗಿದವನು ಪಕ್ಕದಲ್ಲೇ ಕೂತಿದ್ದಾನೆ, ರಸೆಲ್, ದೊಡ್ಡ ಮಗ, ಹದಿಮೂರು ತುಂಬಿದ್ದೇ ತುಂಬಿದ್ದು, ಬೀಜ ಅಗಿದು ಉಗಿಯೋದು ಬಿಟ್ಟರೆ ಮನೆಯವರ ಮುಂದೆ ಬಾಯಿ ತೆರೆಯೋದೇ ಇಲ್ಲ, ಇವತ್ತು ತಮ್ಮನ ಬೇಸ್‌ಬಾಲ್ ಆಟ ನೋಡೋಕೆ ಬಂದದ್ದೇ ದೊಡ್ಡದು, ಈ ಬೇಸಿಗೆಯಲ್ಲಿ ಮೊದಲ ಸಲ, ಅದೂ ಅವರಪ್ಪ ಸಾಸೇಜ್ ಅಂಗಡಿ ಪಾಳಿ ನಮ್ಮದು ಕಣೋ ಬಾ ಅಂತ ಎಳೆದುಕೊಂಡು ಬಂದದ್ದಕ್ಕೆ, ಅಗೋ ಮರ್ಲ್ ಅಲ್ಲಿ ಹೊಗೆಯ ಮಧ್ಯೆ ಕಣ್ಣು ಕಿರಿದು ಮಾಡಿಕೊಂಡು ಸಾಸೇಜ್ ಹೊರಳಿಸ್ತಿದ್ದಾನೆ, ಏಪ್ರನ್ ಹಿಂದುಮುಂದಾಗಿ ಕಟ್ಟಿಕೊಂಡಿದ್ದಾನೆ, ಯಾರೂ ಹೇಳಿಲ್ಲ, ಹೇಳೋದೂ ಬೇಡ — ಮತ್ತೆ ಆಚೆ, ಮೈದಾನದ ಬಲ ಮೂಲೆಯಲ್ಲಿ, ಚೆಂಡು ಬರದೇ ಇರುವ ಕಡೆ, ಚಿಕ್ಕವನು ಎಮೆಟ್, ಬಿಳಿ ಪ್ಯಾಂಟಿನ ಮೊಣಕಾಲಲ್ಲಿ ಹುಲ್ಲಿನ ಕಲೆ, ನೆನ್ನೆ ತಾನೇ ಉಜ್ಜಿ ಉಜ್ಜಿ ಬೆರಳು ಸುಕ್ಕಾಗಿತ್ತು, ಇವರಿಗೆ ಬಿಳಿ ಪ್ಯಾಂಟು ಹಾಕಿಸಿದವರು ಯಾರೋ ಅವರು ಒಂದು ದಿನವೂ ಬಟ್ಟೆ ಒಗೆದವರಲ್ಲ. ಅವನ ಎಡಗೈಯಲ್ಲಿ, ಚೆಂಡು ಹಿಡಿಯೋಕೆ, ಅಣ್ಣನ ಹಳೇ ಗ್ಲೌಸು. ಅವಳ ಬೆಂಚಿನ ಕೆಳಗಿನ ಬಟ್ಟೆ ಚೀಲದಲ್ಲಿ, ಟವೆಲಿನೊಳಗೆ ಸುತ್ತಿಟ್ಟ ಇನ್ನೊಂದು ಗ್ಲೌಸು, ಹೊಸದು, ಬಲಗೈಗೆ ಹಾಕೋದು, ಅದನ್ನು ಅವಳು ಒಂದು ವಾರದಿಂದ ಹೊತ್ತುಕೊಂಡು ತಿರುಗುತ್ತಿದ್ದಾಳೆ, ಕೊಡೋಕೆ ಕೈ ಬರುತ್ತಿಲ್ಲ.

ಆ ಹಳೇ ಗ್ಲೌಸಿಗೆ ಮರ್ಲ್ ಎಣ್ಣೆ ಹಚ್ಚಿದ ಸಂಜೆ ನೆನಪಿದೆ, ರಸೆಲ್‌ಗೆ ಆಗ ಎರಡು ಹಲ್ಲು ಬಿದ್ದಿದ್ದವು, ಅಡುಗೆಮನೆ ಮೇಜಿನ ತುಂಬ ಪೇಪರು ಹಾಸಿ, ತೊಗಲಿಗೆ ಎಣ್ಣೆ ತಿಕ್ಕಿ, ಅಂಗೈ ಜಾಗದಲ್ಲಿ ಚೆಂಡು ಇಟ್ಟು, ದಾರ ಸುತ್ತಿ, ಹಾಸಿಗೆ ಕೆಳಗೆ ಇಟ್ಟು ಅದರ ಮೇಲೇ ಮಲಗಬೇಕು, ಹಾಗೆ ಮಾಡಿದರೇನೇ ಗ್ಲೌಸು ಬಾಯಿ ಬಿಡೋದು, ಮರ್ಲ್‌ನ ಅಪ್ಪ ಹಾಗೇ ಮಾಡಿದ್ದು, ಅವರಪ್ಪನೂ ಹಾಗೇ, ಬೆಳಗಾಗೆದ್ದು ಹುಡುಗ ಸೊಂಟ ಹಿಡ್ಕೊಂಡು ಬಂದ, ಅಮ್ಮಾ ಬೆನ್ನು ನೋಯ್ತಿದೆ, ಆದ್ರೆ ಚೆಂಡು ತೆಗೀಬೇಡ. ಗ್ಲೌಸಿನ ಮಣಿಕಟ್ಟಿನ ಪಟ್ಟಿಯ ಮೇಲೆ ಕಪ್ಪು ಪೆನ್ನಿನಲ್ಲಿ ತನ್ನ ಹೆಸರು ತಾನೇ ಬರೆದುಕೊಂಡ, ಸೊಟ್ಟ ಸೊಟ್ಟ, ಕೊನೇ ಅಕ್ಷರಕ್ಕೆ ಜಾಗ ಸಾಲದೆ ಅದು ಮೂಲೆಯಲ್ಲಿ ಮುದುರಿಕೊಂಡಿತ್ತು. ಕೈ ಬೆಳೆದ ಮೇಲೆ ದೊಡ್ಡ ಗ್ಲೌಸು ಬಂತು, ಹಳೇದನ್ನು ತಮ್ಮನ ಮಡಿಲಿಗೆ ಎಸೆದ, ತಗೋ ಮರಿ, ನಿಂದು — ಅಷ್ಟೇ ಹೇಳಿದ್ದು, ಅಷ್ಟು ಹೇಳಿಸಿಕೊಂಡವನು ಊಟಕ್ಕೂ ಅದನ್ನು ಕೈಯಿಂದ ತೆಗೀಲಿಲ್ಲ, ಬಟಾಣಿ ಎಲ್ಲ ನೆಲಕ್ಕೆ. ಆಮೇಲಿನ ಸಂಜೆಗಳು, ಎಷ್ಟು ಸಂಜೆಗಳು, ಅವಳು ಕಿಟಕಿಯ ಹತ್ತಿರ ಪಾತ್ರೆ ತೊಳೆಯುತ್ತಾ ಇರೋಳು, ಹಿತ್ತಲಲ್ಲಿ ಇಬ್ಬರೂ ಎದುರುಬದುರು ನಿಂತು ಚೆಂಡು ಎಸೆದಾಡೋರು, ಠಪ್, ಆಮೇಲೆ ಸ್ವಲ್ಪ ಹೊತ್ತು, ಠಪ್, ಮಧ್ಯೆ ಮಧ್ಯೆ ಏನೇನೋ ಮಾತು, ಅಣ್ಣಾ ಮೀನಿಗೆ ಬಾಯಾರಿಕೆ ಆಗುತ್ತಾ, ಲೋ ಚೆಂಡು ನೋಡೋ, ಆಗುತ್ತಾ ಹೇಳೋ, ಆಗಲ್ಲ ಕಣೋ ದಡ್ಡ, ಠಪ್. ದಿನಾ ನಿಂತ ಜಾಗದಲ್ಲೇ ನಿಂತು ನಿಂತು ಹುಲ್ಲು ಸವೆದು ಎರಡು ಬೋಳು ಬಿದ್ದವು, ಒಂದು ಬೇಲಿ ಕಡೆ, ರಸೆಲ್‌ದು, ಒಂದು ಗ್ಯಾರೇಜ್ ಕಡೆ, ಎಮೆಟ್‌ದು, ತಟ್ಟೆಯಷ್ಟಗಲ, ಮಳೆ ಬಂದರೆ ಎರಡರಲ್ಲೂ ನೀರು ನಿಂತು ಆಕಾಶ ಕಾಣೋದು. ಹುಲ್ಲಿನ ಬೀಜ ತಂದಿದೀನಿ ಈ ಭಾನುವಾರ ಹಾಕಿಬಿಡ್ತೀನಿ ಅಂತ ಮರ್ಲ್ ಪ್ರತಿ ವಸಂತದಲ್ಲೂ, ಇನ್ನೊಂದು ವರ್ಷ ಇರ್ಲಿ ಬಿಡು ಅಂತ ಅವಳು ಪ್ರತಿ ವಸಂತದಲ್ಲೂ. ಈ ವರ್ಷ ಬೀಜ ಬೇಕಾಗಲೇ ಇಲ್ಲ. ರಸೆಲ್ ದೊಡ್ಡ ಹುಡುಗರ ಮೈದಾನಕ್ಕೆ ಹೋದ, ಗಂಟಲು ಒಡೀತು, ಕೋಣೆ ಬಾಗಿಲು ಮುಚ್ಚಿಕೊಂಡಿತು, ಟೆಲಿಫೋನಿನ ತಂತಿ ಆ ಬಾಗಿಲ ಸಂದಿಯಿಂದ ಒಳಗೆ ಹೋಯಿತು, ಬೇಲಿ ಕಡೆಯ ಬೋಳಿನಲ್ಲಿ ತಾನಾಗೇ ಹಸಿರು ಹುಟ್ಟಿತು, ಅಂಚಿನಿಂದ ಒಳಕ್ಕೆ, ಮೆತ್ತಗೆ. ಎಮೆಟ್ ಮಾತ್ರ ತನ್ನ ಬೋಳಿನ ಮೇಲೆ ಒಬ್ಬನೇ ನಿಂತು ಗ್ಯಾರೇಜಿನ ಗೋಡೆಗೆ ಎಸೀತಾನೆ, ಗೋಡೆ ವಾಪಸ್ ಕೊಡುತ್ತೆ, ಗೋಡೆ ಏನೂ ಮಾತಾಡಲ್ಲ.

ಹತ್ತಿ ತೋಳು, ಹತ್ತಿ ತೋಳು — ಯಾರದು, ಆ ಕೆಂಚುಗೂದಲ ಹುಡುಗನೇ, ಎಮೆಟ್‌ನ ತಂಡದವನೇ, ಬೆಂಚಿನಿಂದ ಕೂಗ್ತಾನೆ, ಕೆನ್ನೆಗೆ ಒಂದು ಬಿಡೋಣ ಅನ್ನಿಸುತ್ತೆ, ಅವರಮ್ಮ ಇಲ್ಲೇ ಹಿಂದಿನ ಸಾಲಲ್ಲಿದ್ದಾಳೆ, ನಗ್ತಾ ಕೈ ಬೀಸಿದಳು, ಇವಳೂ ನಕ್ಕು ಕೈ ಬೀಸಿದಳು. ಆದರೆ ಸುಳ್ಳಲ್ಲವಲ್ಲ, ಎಮೆಟ್ ಎಸೆದ ಚೆಂಡು ಅರ್ಧ ದಾರಿಯಲ್ಲೇ ಸುಸ್ತಾಗಿ ಕೂತುಬಿಡುತ್ತೆ, ಹೋದ ವಾರ ತರಬೇತುದಾರ ಹಾರ್ಲನ್ ಟೋಪಿ ತೆಗೆದು ಕೈಯಲ್ಲಿ ಹಿಡ್ಕೊಂಡೇ ಹೇಳಿದ, ಪೋಸ್ಟಾಫೀಸಿನವರು ಕೆಟ್ಟ ಸುದ್ದಿಯ ಟೆಲಿಗ್ರಾಂ ಕೊಡುವಾಗ ನಿಲ್ಲುವ ಹಾಗೆ ನಿಂತು, ನೋಡಮ್ಮ ಲವಾನ್, ಮುಂದಿನ ವರ್ಷ ತಂಡಕ್ಕೆ ಆರಿಸಿ ತಗೋಬೇಕು, ಹುಡುಗ ಬಂಗಾರ, ಎಲ್ಲರಿಗಿಂತ ಮೊದಲು ಬರ್ತಾನೆ, ಆದ್ರೆ ಆ ತೋಳು, ನಾನೇನು ಮಾಡ್ಲಿ, ಈಜೋಕೆ ಹಾಕಿ ನೋಡಿ. ಈಜಂತೆ. ತಂಡದ ಟೋಪಿ ಹಾಕ್ಕೊಂಡೇ ಸ್ನಾನ ಮಾಡೋ ಹುಡುಗ ಅವನು, ಆಟ ತಪ್ಪಿಸಿದರೆ ಅವನ ಹತ್ತಿರ ಇನ್ನೇನು ಉಳಿಯುತ್ತೆ. ಆ ಮಾತು ಹೊಟ್ಟೆಯಲ್ಲಿಟ್ಟುಕೊಂಡೇ ಭಾನುವಾರ ನದಿಗೆ ಹೋದದ್ದು, ಮರ್ಲ್ ಮೀನಿಗೆ ಗಾಳ ಹಾಕಿ ತೂಕಡಿಸ್ತಿದ್ದ, ಎಮೆಟ್ ದಡದಲ್ಲಿ ಕಲ್ಲು ಆರಿಸ್ತಿದ್ದ, ಯಾರೂ ನೋಡ್ತಿಲ್ಲ ಅಂದುಕೊಂಡು ಒಂದು ಎತ್ತಿ ಎಸೆದ, ಎಡಗೈಯಲ್ಲಿ, ಅದು ಹೋಯಿತು ಹೋಯಿತು ನದಿ ದಾಟಿ ಆಚೆ ದಡದ ಮರಕ್ಕೆ ಬಡಿದು ಕೊಕ್ಕರೆ ಎದ್ದು ಹಾರಿತು. ಅವಳ ಕೈಯಲ್ಲಿದ್ದ ಬ್ರೆಡ್ಡು ಕೈಯಲ್ಲೇ ಉಳೀತು. ಇನ್ನೊಂದು ಎಸೆದ, ಅದೂ ಆಚೆ ದಡಕ್ಕೆ. ಬರೆಯೋದು ಬಲಗೈಯಲ್ಲಿ, ಚಮಚ ಹಿಡಿಯೋದು ಬಲಗೈಯಲ್ಲಿ, ಯಾರಿಗೆ ಹೊಳೀಬೇಕು, ಎಡಗೈ ಯಾವತ್ತೂ ಗ್ಲೌಸಿನ ಒಳಗೇ ಇತ್ತಲ್ಲ, ಅಣ್ಣನ ಗ್ಲೌಸು ಎಡಗೈಗೇ ಹೊಲಿದದ್ದು, ಹಿಡಿಯೋ ಕೈ ಅದು ಅಂತಾದ ಮೇಲೆ ಎಸೆಯೋದಕ್ಕೆ ಉಳಿದದ್ದು ಈ ಬಡಪಾಯಿ ಬಲಗೈ. ಸೋಮವಾರವೇ ಪಕ್ಕದೂರಿಗೆ ಹೋಗಿ ತಂದಳು, ಅಂಗಡಿಯವನು ಮೇಲಿನ ಅಟ್ಟದಿಂದ ತೆಗೆದು ಧೂಳು ಊದಿ ಕೊಟ್ಟ, ಎಡಗೈಯವರದ್ದು ಕೇಳೋರೇ ಇಲ್ಲ ನೋಡಿ ಅಂತ. ಎಣ್ಣೆ ಹಚ್ಚಿ, ಚೆಂಡು ಕಟ್ಟಿ, ತನ್ನ ಹಾಸಿಗೆ ಕೆಳಗೇ ಇಟ್ಟಳು, ಮರ್ಲ್ ಎದ್ದು ಕೂತ, ಲೇ ಇದೇನೇ ಬೆನ್ನಿಗೆ, ಮಲಗೋ ಸುಮ್ನೆ ಅಂದಳು, ಆಮೇಲೆ ಎಲ್ಲ ಹೇಳಿದಳು, ತಿನ್ನೋದು ಬಲಗೈ, ಎಸೆಯೋದು ಎಡಗೈ, ನಿಂದೊಂದು ಕತೆ ಅಂತ ಗೋಡೆಗೆ ತಿರುಗಿದ, ಸ್ವಲ್ಪ ಹೊತ್ತಾದ ಮೇಲೆ ಕತ್ತಲಲ್ಲೇ, ಹಾಗಿದ್ರೆ ರಸೆಲ್‌ನ ಗ್ಲೌಸು ಬಿಚ್ಚಿಸ್ಬೇಕಲ್ಲೇ ಎಮೆಟ್ ಕೈಯಿಂದ, ಅಂದ. ಅದೇ. ಅದೊಂದೇ ಉಳಿದಿರೋದು ಇಬ್ಬರ ಮಧ್ಯೆ, ಬಾಗಿಲು ಮುಚ್ಚಿದೆ, ಬೋಳು ಹಸಿರಾಗ್ತಿದೆ, ಆ ಸೊಟ್ಟ ಹೆಸರೊಂದಿದೆ, ಅದನ್ನೂ ತಾನೇ ಬಿಚ್ಚಿ ಕಪಾಟಿನಲ್ಲಿಡಬೇಕಾ.

ಕೊನೇ ಇನ್ನಿಂಗ್ಸ್, ಒಂದೇ ರನ್ನು ಮುಂದಿದ್ದೀವಿ, ಎದುರಿನವರು ಇಬ್ಬರು ಓಡಿ ಹೋಮ್ ಮುಟ್ಟಿ ರನ್ನು ಮಾಡೋಕೆ ಕಾಲು ಕೆರೀತಿದ್ದಾರೆ, ಟಣ್ ಅಂತ ಬ್ಯಾಟಿನ ಸದ್ದು, ಅಯ್ಯೋ ದೇವರೇ ಬಲ ಮೂಲೆಗೇ, ಎಲ್ಲ ಬಿಟ್ಟು ಅಲ್ಲಿಗೇ, ಎಮೆಟ್ ಓಡಿದ, ಚೆಂಡು ಹುಲ್ಲಿನಲ್ಲಿ ಪುಟಿದು ಬೇಲಿಗೆ ಬಡೀತು, ಹೋಮ್‌ಗೆ ಎಸೆಯೋ ಅಂತ ಹಾರ್ಲನ್, ಹತ್ತಿರದವನಿಗೆ ಕೊಡೋ ಸಾಕು ಅಂತ ಹಿಂದಿನ ಸಾಲು, ಅವನು ಬಗ್ಗಿದ, ಎತ್ತಿಕೊಂಡ, ತಲೆ ಎತ್ತಿ ಒಂದು ಗಳಿಗೆ ಈ ಕಡೆ ನೋಡಿದ, ಇವಳನ್ನಲ್ಲ, ಅಣ್ಣನನ್ನು — ಗ್ಲೌಸು ಕಳಚಿ ಹುಲ್ಲಿಗೆ ಬಿತ್ತು, ತೋಳು ಹಿಂದಕ್ಕೆ ಹೋಯಿತು, ಎಡ ತೋಳು, ಚೆಂಡು ಮೇಲೆದ್ದಿತು, ಇಬ್ಬರು ಹುಡುಗರ ತಲೆ ಮೇಲೆ, ಹೋಮ್ ಮೇಲೆ, ಹಿಡಿಯೋಕೆ ನೆಗೆದವನ ಕೈ ಮೇಲೆ, ಅವನ ಹಿಂದಿನ ಬಲೆಯ ಮೇಲೂ ಹಾರಿ ಆಚೆ ಗಾಡಿ ನಿಲ್ಲಿಸೋ ಜಾಗದಲ್ಲಿ ಯಾವುದೋ ತಗಡಿಗೆ ಢಂ ಅಂತ ಬಡೀತು. ಎದುರಿನವರು ಇಬ್ಬರೂ ನಡಕೊಂಡೇ ಬಂದು ಹೋಮ್ ಮುಟ್ಟಿದರು. ಸೋತೆವು. ಯಾರೂ ಬೈಯಲಿಲ್ಲ, ಎಲ್ಲರೂ ಗಾಡಿಗಳ ಕಡೆ ತಿರುಗಿ ನಿಂತಿದ್ದರು, ಕೆಂಚುಗೂದಲ ಹುಡುಗನ ಬಾಯಿ ತೆರೆದದ್ದು ತೆರೆದೇ ಇತ್ತು, ಹಾರ್ಲನ್ ಟೋಪಿ ತೆಗೆದ, ತಲೆ ಕೆರೆದುಕೊಂಡ, ಹಾಕ್ಕೊಂಡ, ಮತ್ತೆ ತೆಗೆದ, ಅದು ನನ್ನ ಗಾಡಿ ಅಂದ, ನಗುತ್ತಿದ್ದ ಅಂತ ಕಾಣುತ್ತೆ. ರಸೆಲ್ ಎದ್ದು ನಿಂತಿದ್ದ, ಬೀಜದ ಪೊಟ್ಟಣ ಮಡಿಲಿನಿಂದ ಜಾರಿ ಕೆಳಗೆಲ್ಲ ಚೆಲ್ಲಿತ್ತು, ಇರುವೆಗೆ ಹಬ್ಬ. ಅಮ್ಮಾ, ಇವನು ಎಡಗೈಯವನಾ.

ಗಾಡಿಯಲ್ಲಿ ಯಾರೂ ರೇಡಿಯೋ ಹಾಕಲಿಲ್ಲ, ಮರ್ಲ್‌ನ ಬಟ್ಟೆಯಿಂದ ಸಾಸೇಜಿನ ಹೊಗೆ ವಾಸನೆ, ಎರಡೂ ಕಡೆ ಎದೆಮಟ್ಟ ಜೋಳ, ಹಿಂದಿನ ಸೀಟಿನಲ್ಲಿ ಎಮೆಟ್ ಗ್ಲೌಸನ್ನು ಎದೆಗೆ ಅವುಚಿಕೊಂಡು ಅಳುತ್ತಿದ್ದ, ಸೋಲಿಸಿಬಿಟ್ಟೆ ಅಂತ, ಯಾವಾಗಿಂದ ಲೇ ಅಂದ ರಸೆಲ್, ಒಡೆದ ಗಂಟಲಲ್ಲಿ, ಏನು ಯಾವಾಗಿಂದ, ಎಡಗೈ, ಯಾವಾಗಿಂದಾನೂ, ಗೊತ್ತಿತ್ತಾ ನಿಂಗೆ, ಗೊತ್ತಿತ್ತು. ಮತ್ತೆ ಬಾಯಿ ಇರ್ಲಿಲ್ವಾ ಹೇಳೋಕೆ, ಇಷ್ಟು ದಿನ ಅವರ ಕೈಲಿ ಹತ್ತಿ ತೋಳು ಅನ್ನಿಸ್ಕೊಂಡು. ಜೋಳ, ಜೋಳ, ಒಂದು ಅಂಚೆ ಡಬ್ಬಿ, ಮತ್ತೆ ಜೋಳ. ಹೇಳಿದ್ರೆ ಬೇರೆ ಗ್ಲೌಸು ಕೊಡಿಸಿಬಿಡ್ತಿದ್ರು ಅಣ್ಣ, ಅಂದ ಎಮೆಟ್. ಮರ್ಲ್ ಅವಳ ಕಡೆ ತಿರುಗಿದ, ಅವಳು ಕಿಟಕಿಯ ಕಡೆ ತಿರುಗಿದಳು, ಕಾಲ ಬಳಿ ಚೀಲ, ಚೀಲದಲ್ಲಿ ಟವೆಲು. ಕನ್ನಡಿಯಲ್ಲಿ ರಸೆಲ್ ಕಾಣುತ್ತಿದ್ದ, ಹೊರಗೆ ನೋಡುತ್ತಿದ್ದ, ಕಿವಿ ಕೆಂಪಾಗಿತ್ತು.

ಊಟ ಆದಮೇಲೆ ಇಟ್ಟಳು ಮೇಜಿನ ಮೇಲೆ, ಟವೆಲು ಬಿಚ್ಚಿ, ದಾರ ಬಿಚ್ಚಿ, ಹೊಸ ಗ್ಲೌಸನ್ನು, ಎಮೆಟ್ ನೋಡಿದ, ಮುಟ್ಟಲಿಲ್ಲ, ಹಳೇದನ್ನು ಕುರ್ಚಿಯ ಮೇಲೆ ತನ್ನ ತೊಡೆಯ ಕೆಳಗೆ ಸಿಕ್ಕಿಸಿಕೊಂಡ, ಬೇಡ ಅಮ್ಮ, ನಾನು ಈಜೋಕೇ ಹೋಗ್ತೀನಿ. ಅಂದರೆ ಹಾರ್ಲನ್ ಹೇಳಿದ್ದು ಕೇಳಿಸಿಕೊಂಡಿದ್ದಾನೆ, ಎಲ್ಲ ಗೊತ್ತಿದೆ ಇದಕ್ಕೆ, ಇಷ್ಟುದ್ದ ಇದ್ದುಕೊಂಡು ಎಲ್ಲ ಒಳಗೇ ಇಟ್ಟುಕೊಂಡಿದೆ, ಯಾರ ಹಾಗೆ, ತನ್ನ ಹಾಗೆ. ಅವಳಿಗೆ ಅಳು ಬಂತು, ಸಿಂಕಿನ ನಲ್ಲಿ ಬಿಟ್ಟುಕೊಂಡಳು. ಹಿಂದೆ ಡ್ರಾಯರ್ ಎಳೆದ ಸದ್ದು, ತಡಕಾಡುವ ಸದ್ದು, ತಿರುಗಿ ನೋಡಿದರೆ ರಸೆಲ್ ಕಪ್ಪು ಪೆನ್ನಿನ ಮುಚ್ಚಳ ಹಲ್ಲಲ್ಲಿ ಕಚ್ಚಿ ಕಿತ್ತು ಹೊಸ ಗ್ಲೌಸಿನ ಮೇಲೆ ಬಗ್ಗಿದ್ದಾನೆ, ನಾಲಿಗೆ ತುದಿ ಹೊರಗೆ, ಹಲ್ಲು ಬಿದ್ದ ಹುಡುಗನ ಹಾಗೇ, ಪಟ್ಟಿಯ ಮೇಲೆ ತನ್ನ ಹೆಸರು ಬರೀತಿದ್ದಾನೆ, ಈ ಸಲವೂ ಕೊನೇ ಅಕ್ಷರಕ್ಕೆ ಜಾಗ ಸಾಲಲಿಲ್ಲ, ಊದಿ ಒಣಗಿಸಿ ತಮ್ಮನ ಮಡಿಲಿಗೆ ಎಸೆದ, ತಗೋ ಮರಿ, ನಿಂದು. ಬಾಗಿಲು ಬಡೀತು, ಇಬ್ಬರೂ ಹೊರಗೆ. ಅವಳು ಕೈಯೊರೆಸಿಕೊಳ್ಳದೆ ನಿಂತಳು, ಸಂಜೆ ಬೆಳಕು ಹಿತ್ತಲ ತುಂಬ, ರಸೆಲ್ ಬೇಲಿ ಕಡೆ ಹೋಗಿ ಹಸಿರಾಗುತ್ತಿದ್ದ ತನ್ನ ಬೋಳಿನ ಮೇಲೆ ನೋಡದೇ ನಿಂತ, ಕಾಲಿಗೆ ಜಾಗ ನೆನಪಿತ್ತು, ಎಮೆಟ್ ಗ್ಯಾರೇಜ್ ಕಡೆ ತನ್ನ ಬೋಳಿನ ಮೇಲೆ, ಎಸೆದ, ಠಪ್ ಅಲ್ಲ, ಢಪ್, ರಸೆಲ್ ಕೈ ಕೊಡವಿಕೊಂಡ, ಅಬ್ಬಾ ಲೇ, ಅಂಗೈ ಹೋಯ್ತು, ಹಿಂದೆ ಹೋಗೋ, ಎಮೆಟ್ ಒಂದು ಹೆಜ್ಜೆ ಹಿಂದೆ ಹೋದ, ಇನ್ನೂ ಹಿಂದೆ, ಇನ್ನೊಂದು, ಇನ್ನೂ ಹೋಗೋ ಮಾರಾಯ, ಗ್ಯಾರೇಜಿನ ಮೂಲೆ ದಾಟಿ, ಬಟ್ಟೆ ಒಣಹಾಕೋ ಕಂಬ ದಾಟಿ, ಯಾರೂ ಯಾವತ್ತೂ ನಿಲ್ಲದ ಹುಲ್ಲಿನ ಮೇಲೆ ನಿಂತ, ಎಷ್ಟು ದೂರ, ಮುಖ ಸರಿಯಾಗಿ ಕಾಣಲ್ಲ ಇಲ್ಲಿಂದ, ಅಣ್ಣಾ ಮೀನಿಗೆ, ಅಂತೇನೋ ಕೂಗಿದ, ಪೂರ್ತಿ ಕೇಳಲಿಲ್ಲ, ಢಪ್, ಇಬ್ಬರೂ ನಗುತ್ತಿದ್ದಾರೆ, ನಲ್ಲಿ ಹರೀತಾ ಇದೆ, ನಿಲ್ಲಿಸಬೇಕು, ಚೆಂಡು ಹೋಗುತ್ತೆ, ಬರುತ್ತೆ, ಅದರ ಮೇಲೆಯೇ ಹಾದು ಹೋಗುತ್ತೆ, ಬರುತ್ತೆ, ಗ್ಯಾರೇಜ್ ಕಡೆಯ ಆ ಬೋಳು, ತಟ್ಟೆಯಷ್ಟಗಲ, ಎರಡು ಪುಟ್ಟ ಕಾಲಿನ ಅಚ್ಚು ಇನ್ನೂ ಇದೆ, ಅದರಲ್ಲಿ ಯಾರೂ ನಿಂತಿಲ್ಲ.